ಕಲಿಸಿ ಕೆಲಸಕ್ಕೆ ಕಳುಹಿಸುವ ಐಟಿ ಕಂಪನಿ: ಸೇರುವ ಮುನ್ನ, ಸೇರಿದ ಮೇಲೆ, ಬಿಡುವಾಗ

ಬೆಂಗಳೂರಿನಲ್ಲಿ ಹೊಸ ಪ್ರೋಗ್ರಾಮರ್‌ಗಳನ್ನು ತೆಗೆದುಕೊಳ್ಳುವ ಒಂದು ಬಗೆಯ ಕಂಪನಿಗಳಿವೆ. ಕಾಲೇಜು ಮುಗಿಸಿದವರನ್ನು ಸೇರಿಸಿಕೊಂಡು, ಎರಡರಿಂದ ಆರು ತಿಂಗಳು ಜಾವಾ, ಎಸ್‌ಕ್ಯೂಎಲ್, ರಿಯಾಕ್ಟ್, ಟೆಸ್ಟಿಂಗ್ ಹೀಗೆ ಏನಾದರೊಂದನ್ನು ಕಲಿಸುತ್ತಾರೆ. ಆಮೇಲೆ ಬೇರೊಂದು ಕಂಪನಿಯ ಪ್ರಾಜೆಕ್ಟಿಗೆ ಕಳುಹಿಸುತ್ತಾರೆ. ಸಂಬಳ ಹಾಕುವವರು ಒಬ್ಬರು, ದಿನವೂ ಕೆಲಸ ಹೇಳುವವರು ಇನ್ನೊಬ್ಬರು. ಕೆಲಸ ಹೇಳುವ ಆ ಕ್ಲೈಂಟ್ ನಿಮ್ಮ ಪ್ರತಿ ಗಂಟೆಗೆ ಅಥವಾ ತಿಂಗಳಿಗೆ ಇಷ್ಟು ಎಂದು ನಿಮ್ಮ ಕಂಪನಿಗೆ ಹಣ ಕೊಡುತ್ತಾನೆ. ಆ ಬಿಲ್ಲಿನಲ್ಲಿ ನಿಮ್ಮ ಸಂಬಳ ಕಳೆದು ಉಳಿದದ್ದರಲ್ಲೇ ತರಬೇತಿಯ ಖರ್ಚು, ಕೆಲಸವಿಲ್ಲದೆ ಕೂತವರ ಖರ್ಚು, ಲಾಭ ಎಲ್ಲ ಹೊರಡಬೇಕು.

ಈ ಲೆಕ್ಕ ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ತರಬೇತಿಗೆ ಹಾಕಿದ ದುಡ್ಡು ವಾಪಸ್ ಬರುವ ಮೊದಲೇ ನೀವು ಹೊರಟುಬಿಡುತ್ತೀರೆಂಬ ಭಯದಿಂದ ಬಾಂಡ್ ಬರೆಸಿಕೊಳ್ಳುತ್ತಾರೆ. ಬಿಲ್ ಶುರುವಾಗದ ಪ್ರತಿ ದಿನವೂ ನಷ್ಟ, ಹಾಗಾಗಿ ಬೇಗ ಕ್ಲೈಂಟ್ ಮುಂದೆ ಕೂರಿಸಲು ಅವಸರ ಮಾಡುತ್ತಾರೆ. ನೀವು ಯಾವ ಹಂತದಲ್ಲಿದ್ದರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಹೊತ್ತಿಗೆ ಹಣ ಯಾರ ಕೈಯಿಂದ ಯಾರ ಕೈಗೆ ಹೋಗುತ್ತಿದೆ?

ಹಣ ಹೋಗುವ ದಿಕ್ಕು

ಕಂಪನಿಯಿಂದ ನಿಮಗೆ ಬರುತ್ತಿದ್ದರೆ ಅದು ಕೆಲಸ. ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನ ತರಬೇತಿ, ಪದವೀಧರರನ್ನು ಕೆಲಸದ ಜೊತೆಗೇ ಮುಂದೆ ಓದಿಸುವ ವಿಪ್ರೋದ ಕಾರ್ಯಕ್ರಮ, ಚಿಕ್ಕ ಸರ್ವಿಸ್ ಕಂಪನಿಗಳ ಸ್ಟೈಪೆಂಡ್ ತರಬೇತಿ ಇವೆಲ್ಲ ಈ ಸಾಲಿನವು. ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಸೇರುವುದೂ ಇದೆ. ಅದರಲ್ಲಿ ಸರ್ಕಾರವೂ ಸ್ಟೈಪೆಂಡಿನ ಒಂದು ಪಾಲು ಭರಿಸುತ್ತದೆ, ಕೊನೆಗೆ ಸರ್ಟಿಫಿಕೇಟ್ ಸಿಗುತ್ತದೆ, ಆದರೆ ಅದು ಕಾಯಂ ಕೆಲಸವಲ್ಲ.

ನಿಮ್ಮಿಂದ ಅವರಿಗೆ ಹೋಗುತ್ತಿದ್ದರೆ ಅದು ಕೋಚಿಂಗ್. ಬಿಟಿಎಂ, ಮಾರತಹಳ್ಳಿ, ರಾಜಾಜಿನಗರದ ಕಡೆ ಇಂಥವು ಬಹಳ ಇವೆ, ಚೆನ್ನಾಗಿ ಕಲಿಸುವವೂ ಇವೆ. ಫೀಸು ಕಟ್ಟಿ ಕಲಿಯುವುದರಲ್ಲಿ ತಪ್ಪೇನಿಲ್ಲ. ತಪ್ಪಾಗುವುದು ಕೋಚಿಂಗನ್ನೇ ಕೆಲಸವೆಂದು ಮಾರಿದಾಗ. ‘ಆಫರ್ ಲೆಟರ್ ಕೊಡುತ್ತೇವೆ, ಅದಕ್ಕೆ ಮೊದಲು ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್, ವೆರಿಫಿಕೇಶನ್ ಚಾರ್ಜ್ ಕಟ್ಟಿ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಕೆಲಸ ಕೊಡುವ ಕಂಪನಿ ಕೆಲಸಕ್ಕೆ ಬರುವವರಿಂದ ಹಣ ಕೇಳುವುದಿಲ್ಲ. ಈಗಾಗಲೇ ಆನ್‌ಲೈನಿನಲ್ಲಿ ಕಟ್ಟಿ ಮೋಸ ಎಂದು ಗೊತ್ತಾಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ದಾಟಿಹೋಗುವ ಮೊದಲು ತಿಳಿಸಿದರೆ ತಡೆಹಿಡಿಯಲು ಸಾಧ್ಯ.

ಮೂರನೆಯದು ‘ಈಗ ಏನೂ ಬೇಡ, ಕೆಲಸ ಸಿಕ್ಕ ಮೇಲೆ ಕೊಡಿ’ ಎನ್ನುವವರು. ಇವರ ಒಪ್ಪಂದದಲ್ಲಿ ಐದು ವಿಷಯ ಬರಹದಲ್ಲಿರಬೇಕು: ವರ್ಷಕ್ಕೆ ಎಷ್ಟು ಸಂಬಳ ದಾಟಿದ ಮೇಲೆ ಕಟ್ಟಬೇಕು, ಸಂಬಳದ ಶೇಕಡಾ ಎಷ್ಟು, ಎಷ್ಟು ತಿಂಗಳು, ಒಟ್ಟು ಗರಿಷ್ಠ ಎಷ್ಟು, ನೀವೇ ಹುಡುಕಿಕೊಂಡ ಕೆಲಸಕ್ಕೂ ಕಟ್ಟಬೇಕೋ ಇಲ್ಲವೋ. ಐದನೆಯದನ್ನು ಎಷ್ಟೋ ಜನ ಓದುವುದೇ ಇಲ್ಲ. ಅದರಲ್ಲಿ ‘ಯಾವುದೇ ಉದ್ಯೋಗ’ ಎಂದಿದ್ದರೆ ಊರಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರೂ ಕಂತು ಶುರುವಾಗಬಹುದು.

ಬಡ್ಡಿಯಿಲ್ಲದ ಇಎಂಐ ಎಂದು ಮೊಬೈಲಿನಲ್ಲಿ ಓಟಿಪಿ ಹಾಕಿಸಿಕೊಳ್ಳುವುದು ಇನ್ನೊಂದು ದಾರಿ. ಅಲ್ಲಿ ನೀವು ಸಂಸ್ಥೆಗೆ ಫೀಸು ಕಟ್ಟುತ್ತಿಲ್ಲ, ಒಂದು ಹಣಕಾಸು ಕಂಪನಿಯಿಂದ ನಿಮ್ಮ ಹೆಸರಿನಲ್ಲಿ ಸಾಲ ಪಡೆಯುತ್ತಿದ್ದೀರಿ. ಸಂಸ್ಥೆ ಬಾಗಿಲು ಹಾಕಿದರೂ ಕಂತು ನಿಲ್ಲುವುದಿಲ್ಲ, ತಪ್ಪಿಸಿದರೆ ಸಿಬಿಲ್ ಸ್ಕೋರ್ ಬೀಳುತ್ತದೆ. ಸಾಲದ ಮುಖ್ಯಾಂಶಗಳ ಪತ್ರ ಕೇಳಿ ಪಡೆಯಿರಿ. ಡಿಜಿಟಲ್ ಸಾಲವನ್ನು ದಂಡವಿಲ್ಲದೆ ಹಿಂತಿರುಗಿಸಲು ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಒಂದು ಸಣ್ಣ ಗಡುವು ಇರುತ್ತದೆ, ಅದು ಎಷ್ಟು ದಿನ ಎಂದು ಆ ಪತ್ರದಲ್ಲೇ ನೋಡಿಕೊಳ್ಳಿ.

ಅರ್ಧ ಗಂಟೆಯ ತಪಾಸಣೆ

ಸಹಿ ಹಾಕುವ ಮುನ್ನ ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ ಇದು, ಒಂದು ರೂಪಾಯಿಯೂ ಖರ್ಚಿಲ್ಲ.

1. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಮಾಸ್ಟರ್ ಡೇಟಾ ತೆರೆಯಿರಿ. ನೋಂದಣಿಯಾದ ದಿನ, ವಿಳಾಸ, ‘ಆಕ್ಟಿವ್’ ಸ್ಥಿತಿ ಮೂರನ್ನೂ ಬರೆದುಕೊಳ್ಳಿ. ಹೆಚ್‌ಆರ್ ‘ಹನ್ನೆರಡು ವರ್ಷದ ಕಂಪನಿ’ ಎಂದದ್ದು, ದಾಖಲೆಯಲ್ಲಿ ಹೋದ ವರ್ಷ ಹುಟ್ಟಿದ್ದು ಎಂದಿದ್ದರೆ ವಿವರಣೆ ಕೇಳಿ.

2. ಪಿಎಫ್ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಇಪಿಎಫ್‌ಓದ ಜಾಲತಾಣದ ಎಸ್ಟಾಬ್ಲಿಶ್‌ಮೆಂಟ್ ಸರ್ಚ್‌ನಲ್ಲಿ ಕಂಪನಿಯ ಹೆಸರು ಹಾಕಿ. ಪಾವತಿ ವಿವರದಲ್ಲಿ ಪ್ರತಿ ತಿಂಗಳು ಎಷ್ಟು ನೌಕರರ ಪಿಎಫ್ ಕಟ್ಟಿದ್ದಾರೆ, ಯಾವ ತಾರೀಖಿಗೆ ಕಟ್ಟಿದ್ದಾರೆ ಎಂಬುದು ಕಾಣುತ್ತದೆ. ನಮ್ಮ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. 500 ಜನರಿದ್ದಾರೆ ಎನ್ನುವ ಕಡೆ 14 ಜನರ ಪಿಎಫ್ ಇದ್ದರೆ, ಅಥವಾ ತಿಂಗಳು ತಿಂಗಳು ಎರಡು ತಿಂಗಳು ತಡವಾಗಿ ಕಟ್ಟುತ್ತಿದ್ದರೆ, ಸಂಬಳವೂ ಹಾಗೇ ತಡವಾದೀತು. ಒಂದು ಎಚ್ಚರ: ಮೊದಲ ಬಾರಿಗೆ ಸೇರುವಾಗಲೇ ಬೇಸಿಕ್ (ಮೂಲ ವೇತನ) 15,000 ದಾಟಿದವರು ಪಿಎಫ್ ಬೇಡವೆನ್ನಬಹುದು, 20 ಜನಕ್ಕಿಂತ ಕಡಿಮೆ ಇರುವ ಕಂಪನಿಗೆ ಅದು ಕಡ್ಡಾಯವೂ ಅಲ್ಲ. ಹಾಗಾಗಿ ಸಂಖ್ಯೆ ತುಸು ಕಡಿಮೆ ಇದ್ದ ಮಾತ್ರಕ್ಕೆ ಮೋಸ ಎನ್ನಲಾಗದು.

3. ಜಿಎಸ್‌ಟಿ ಜಾಲತಾಣದಲ್ಲಿ ಅವರ ನಂಬರ್ ಹಾಕಿ ರಿಟರ್ನ್ ಸಲ್ಲಿಕೆ ನೋಡಿ. ಕ್ಲೈಂಟಿಗೆ ಬಿಲ್ ಹಾಕುವ ಕಂಪನಿ ರಿಟರ್ನ್ ಸಲ್ಲಿಸದೆ ಇರಲಾರದು.

4. ಕಳೆದ ವರ್ಷದ ಬ್ಯಾಚಿನವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ, ಕನಿಷ್ಠ ಮೂವರನ್ನು ಮಾತಾಡಿಸಿ. ‘ಕಂಪನಿ ಹೇಗಿದೆ’ ಎಂದು ಕೇಳಬೇಡಿ. ‘ನಿಮ್ಮ ಬ್ಯಾಚಿನಲ್ಲಿ ಎಷ್ಟು ಜನ ಇದ್ದರು, ಎಷ್ಟು ಜನಕ್ಕೆ ಪ್ರಾಜೆಕ್ಟ್ ಸಿಕ್ಕಿತು, ಸಿಗದವರಿಗೆ ಸಂಬಳ ಬಂತಾ’ ಎಂದು ಕೇಳಿ. ಹೀಗೆ ಕೇಳಿದರೆ ಸುತ್ತಿಬಳಸದೆ ಉತ್ತರ ಬರುತ್ತದೆ.

ಬಾಂಡ್: ಸಾಲು ಸಾಲಾಗಿ ಓದಿ

ಊರಿನಿಂದ ಬಂದ ಹುಡುಗರು, ಅವರ ತಂದೆತಾಯಂದಿರು ಹೆಚ್ಚು ಹೆದರುವುದು, ಹೆಚ್ಚು ತಪ್ಪು ಮಾಡುವುದು ಎರಡೂ ಇಲ್ಲೇ. ಬಾಂಡ್ ಎಂದರೆ ಇಷ್ಟು ತಿಂಗಳು ಕೆಲಸ ಮಾಡುತ್ತೇನೆ, ಮೊದಲೇ ಬಿಟ್ಟರೆ ಇಷ್ಟು ಹಣ ಕೊಡುತ್ತೇನೆ ಎಂಬ ಒಪ್ಪಂದ. ‘ಬಾಂಡ್‌ಗೆ ಬೆಲೆಯೇ ಇಲ್ಲ, ಕೋರ್ಟಿನಲ್ಲಿ ನಿಲ್ಲಲ್ಲ’ ಎನ್ನುವವರ ಮಾತು ನಂಬಿ ಸಹಿ ಹಾಕಬೇಡಿ. ‘ಬಿಟ್ಟರೆ ಜೈಲು’ ಎಂಬ ಬೆದರಿಕೆಗೂ ಬಗ್ಗಬೇಡಿ. ನಿಜ ಇವೆರಡರ ನಡುವೆ ಇದೆ.

ಕೆಲಸ ಮಾಡಲೇಬೇಕೆಂದು ಯಾವ ನ್ಯಾಯಾಲಯವೂ ನಿಮ್ಮನ್ನು ಕಟ್ಟಿಹಾಕುವುದಿಲ್ಲ. ವೈಯಕ್ತಿಕ ಸೇವೆಯ ಒಪ್ಪಂದವನ್ನು ಬಲವಂತವಾಗಿ ಜಾರಿ ಮಾಡಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಕೇಳಬಹುದಾದದ್ದು ಹಣವನ್ನು. ಅದಕ್ಕೂ 1872ರ ಕರಾರು ಕಾಯ್ದೆಯ 74ನೇ ಕಲಮಿನ ಮಿತಿ ಇದೆ: ಒಪ್ಪಂದದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಸಿಗುವುದು ಅದರೊಳಗಿನ ನ್ಯಾಯವಾದ ಪರಿಹಾರ. ಕಂಪನಿ ನಿಜಕ್ಕೂ ತರಬೇತಿ ಕೊಟ್ಟಿದೆಯೇ, ಎಷ್ಟು ಖರ್ಚು ಮಾಡಿದೆ ಎಂಬ ಪ್ರಶ್ನೆ ಆಗ ಏಳುತ್ತದೆ.

ಆದರೆ ಬಾಂಡನ್ನು ಹಗುರವಾಗಿ ಕಾಣಬಾರದು ಎಂಬುದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಎಂಬ ಷರತ್ತಿತ್ತು. ಅಧಿಕಾರಿಯೊಬ್ಬರು ಹಣ ಕಟ್ಟಿ ಬಿಟ್ಟು, ಆಮೇಲೆ ಷರತ್ತನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ವಲಯದ ಬ್ಯಾಂಕಿಗೆ ನೇಮಕಾತಿಯ ಖರ್ಚು ಎಷ್ಟು, ಅಧಿಕಾರಿಯ ಹುದ್ದೆ ಎಂಥದ್ದು ಎಂಬುದನ್ನೂ ಅಲ್ಲಿ ನೋಡಿದ್ದಾರೆ. 20,000 ಸಂಬಳದ ಫ್ರೆಶರ್‌ಗೆ 5 ಲಕ್ಷದ ಬಾಂಡ್ ಹಾಕಿದರೆ ಇದೇ ತೀರ್ಪು ಹಾಗೇ ಅನ್ವಯಿಸುತ್ತದೆ ಎಂದು ಹೇಳುವಂತಿಲ್ಲ. ಆದರೂ ಸಹಿ ಹಾಕಿದ್ದಕ್ಕೆ ತೂಕ ಇದೆ.

ಒಪ್ಪಂದ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಮೊತ್ತವನ್ನಲ್ಲ, ಬಾಂಡ್ ಶುರುವಾಗುವ ದಿನವನ್ನು. ‘ಸೇರಿದ ದಿನದಿಂದ 24 ತಿಂಗಳು’ ಮತ್ತು ‘ಪ್ರಾಜೆಕ್ಟಿಗೆ ನಿಯೋಜಿಸಿದ ದಿನದಿಂದ 24 ತಿಂಗಳು’ ಒಂದೇ ಅಲ್ಲ. ನಾಲ್ಕು ತಿಂಗಳು ತರಬೇತಿ, ಮೂರು ತಿಂಗಳು ಬೆಂಚ್ (ಪ್ರಾಜೆಕ್ಟಿಗೆ ಕಾಯುವ ಕಾಲ) ಆದರೆ ಎರಡನೆಯದು 31 ತಿಂಗಳಾಗುತ್ತದೆ. ಸೇರಿದ ದಿನದಿಂದ ಎಣಿಸಬೇಕೆಂದು ಕೇಳಿ.

ಮುಂದಿನದು ಮೊತ್ತ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆಯೇ ಎಂಬುದು. 1,50,000 ರೂಪಾಯಿಯ 24 ತಿಂಗಳ ಬಾಂಡಿನಲ್ಲಿ 15 ತಿಂಗಳು ದುಡಿದು ಬಿಟ್ಟರೆ, ಉಳಿದ 9 ತಿಂಗಳ ಪಾಲು 56,250 ರೂಪಾಯಿ. ಇಳಿಕೆಯ ಸಾಲು ಇಲ್ಲದಿದ್ದರೆ 23ನೇ ತಿಂಗಳಲ್ಲಿ ಬಿಟ್ಟರೂ ಪೂರ್ತಿ ಮೊತ್ತ ಕೇಳುತ್ತಾರೆ. ಈ ಒಂದು ಸಾಲು ಸೇರಿಸಲು ಹೆಚ್ಚಿನ ಕಂಪನಿಗಳು ಒಪ್ಪುತ್ತವೆ, ಕೇಳುವವರೇ ಕಡಿಮೆ.

ಕಂಪನಿಯೇ ತೆಗೆದುಹಾಕಿದರೆ, ತರಬೇತಿಯ ಪರೀಕ್ಷೆಯಲ್ಲಿ ಫೇಲಾದರೆ, ಇಷ್ಟು ತಿಂಗಳು ಪ್ರಾಜೆಕ್ಟೇ ಕೊಡದಿದ್ದರೆ ಆಗೇನು? ಈ ಮೂರೂ ಸಂದರ್ಭಗಳಲ್ಲಿ ಹಣ ಕೊಡಬೇಕಿಲ್ಲ ಎಂದು ಬರಹದಲ್ಲಿರಬೇಕು. ಹೆಚ್‌ಆರ್ ಬಾಯಲ್ಲಿ ‘ಹಾಗೆಲ್ಲ ಕೇಳಲ್ಲಪ್ಪ’ ಅಂದದ್ದು ದಾಖಲೆಯಲ್ಲ. ಅದೇ ದಿನ ಸಂಜೆ ಒಂದು ಮೇಲ್ ಹಾಕಿ: ‘ಇವತ್ತು ಮಾತಾಡಿದಂತೆ ಈ ಸಂದರ್ಭಗಳಲ್ಲಿ ಬಾಂಡ್ ಮೊತ್ತ ಅನ್ವಯಿಸುವುದಿಲ್ಲ ಎಂದು ತಿಳಿದುಕೊಂಡಿದ್ದೇನೆ, ದಯವಿಟ್ಟು ಖಚಿತಪಡಿಸಿ.’ ಬರುವ ಉತ್ತರ ನಿಮ್ಮ ಕೈಯಲ್ಲಿರುವ ಕಾಗದ.

ಮೂಲ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಪಾಸ್‌ಪೋರ್ಟ್ ಯಾವುದನ್ನೂ ಒಪ್ಪಿಸಬೇಡಿ. ಮೂಲ ತೋರಿಸಿ, ಸ್ವಯಂ ದೃಢೀಕರಿಸಿದ ನಕಲು ಕೊಡಿ. ಡಿಜಿಲಾಕರ್‌ನಲ್ಲಿ ಇರುವುದನ್ನು ಅಲ್ಲಿಂದಲೇ ಹಂಚಿಕೊಳ್ಳಬಹುದು. ಅದಕ್ಕಿಂತಲೂ ಅಪಾಯದ ವಸ್ತು ಸಹಿ ಮಾಡಿದ ಖಾಲಿ ಚೆಕ್. ಬಾಂಡಿನ ತಕರಾರು ಸಿವಿಲ್ ವಿಷಯ, ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕೆಳಗೆ ಕ್ರಿಮಿನಲ್ ಕೇಸು. ಬ್ಯಾಂಕಿಗೆ ‘ಪಾವತಿ ನಿಲ್ಲಿಸಿ’ ಎಂದು ಬರೆದರೂ ಕೇಸಿನಿಂದ ತಪ್ಪಿಸಿಕೊಂಡಂತಾಗದು. ಕೊಟ್ಟೇ ಬಿಟ್ಟಿದ್ದರೆ ಚೆಕ್ ನಂಬರ್, ಯಾವ ಕಾರಣಕ್ಕೆ ಪಡೆದದ್ದು ಎಂಬುದನ್ನು ನಮೂದಿಸಿದ ಸ್ವೀಕೃತಿ ಪತ್ರ ತೆಗೆದುಕೊಳ್ಳಿ. ಮುಂದೆ ವಕೀಲರ ನೋಟಿಸ್ ಬಂದರೆ ಹಣ ಕಟ್ಟಲು ಇರುವ 15 ದಿನದ ಗಡುವು ಬಹಳ ಮುಖ್ಯ, ಅಂಚೆಯನ್ನು ವಾಪಸ್ ಕಳುಹಿಸಿ ಸುಮ್ಮನಿರಬೇಡಿ.

‘ಕೆಲಸ ಬಿಟ್ಟ ಮೇಲೆ ಎರಡು ವರ್ಷ ಕ್ಲೈಂಟ್ ಕಂಪನಿಗೆ ಸೇರುವಂತಿಲ್ಲ’ ಎಂಬ ಸಾಲೂ ಸಾಮಾನ್ಯ. ಕೆಲಸ ಬಿಟ್ಟ ಮೇಲೂ ದುಡಿಮೆಗೆ ತಡೆಯೊಡ್ಡುವ ಷರತ್ತು ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಊರ್ಜಿತವಲ್ಲ. ಆದರೂ ಕ್ಲೈಂಟ್ ನಿಮ್ಮನ್ನು ತೆಗೆದುಕೊಳ್ಳದಿರಬಹುದು. ಏಕೆಂದರೆ ಎರಡು ಕಂಪನಿಗಳ ನಡುವಿನ ಒಪ್ಪಂದದಲ್ಲಿ ‘ನಮ್ಮವರನ್ನು ತೆಗೆದುಕೊಂಡರೆ ಇಷ್ಟು ಶುಲ್ಕ’ ಎಂದಿರುತ್ತದೆ. ಅಡ್ಡಿ ಇರುವುದು ಅಲ್ಲಿ. ಕ್ಲೈಂಟ್ ಮ್ಯಾನೇಜರ್ ಕೆಲಸ ಕೊಡುವ ಮಾತಾಡಿದರೆ ಆ ಶುಲ್ಕದ ವಿಷಯ ಅವರ ಪ್ರೊಕ್ಯೂರ್‌ಮೆಂಟ್ ವಿಭಾಗದಲ್ಲಿ ಇತ್ಯರ್ಥವಾಗುವವರೆಗೆ ರಾಜೀನಾಮೆ ಕೊಡಬೇಡಿ.

ಪತ್ರದಲ್ಲಿ ನಿಮ್ಮನ್ನು ಏನೆಂದು ಕರೆದಿದ್ದಾರೆ ಎಂಬುದನ್ನೂ ನೋಡಿ. ನೌಕರ, ಟ್ರೈನಿ, ಅಪ್ರೆಂಟಿಸ್, ಕನ್ಸಲ್ಟೆಂಟ್ ಬೇರೆ ಬೇರೆ. 2025ರ ಫೆಬ್ರವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ಟ್ರೈನಿಗಳು ಹೊರಬೀಳಬೇಕಾಯಿತು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆ ಪಾಸಾಗಲಿಲ್ಲ, ಈ ನಿಯಮ ಒಪ್ಪಂದದಲ್ಲೇ ಇದೆ ಎಂಬುದು ಕಂಪನಿಯ ಉತ್ತರವಾಗಿತ್ತು. ಇಂಥ ನಿಯಮ ಎಲ್ಲಿದೆ, ಎಷ್ಟು ಅವಕಾಶ, ಪಾಸಿಗೆ ಎಷ್ಟು ಅಂಕ ಎಂಬುದನ್ನು ತರಬೇತಿ ಶುರುವಾದ ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಕನ್ಸಲ್ಟೆಂಟ್ ಎಂದು ಬರೆದು ಪ್ರತಿ ತಿಂಗಳು ನೇರವಾಗಿ ಶೇ 10 ತೆರಿಗೆ ಹಿಡಿಯುತ್ತಿದ್ದರೆ ಅವರ ಲೆಕ್ಕದಲ್ಲಿ ನೀವು ನೌಕರರೇ ಅಲ್ಲ. ಪಿಎಫ್, ಗ್ರಾಚ್ಯುಟಿ, ರಜೆ ಯಾವುದೂ ಇರುವುದಿಲ್ಲ.

ಕೈಗೆ ಬರುವುದೆಷ್ಟು

ಸಿಟಿಸಿ (ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 3,60,000 ಎಂದರೆ ಮನೆಯವರು ತಿಂಗಳಿಗೆ 30,000 ಎಂದುಕೊಳ್ಳುತ್ತಾರೆ. ಲೆಕ್ಕ ಹಾಕೋಣ. ಶೇ 10 ವೇರಿಯಬಲ್ ಇದ್ದರೆ ತಿಂಗಳಿಗೆ 3,000 ಮೊದಲೇ ಹೋಯಿತು. ಅದು ವರ್ಷದ ಕೊನೆಗೆ, ಅದೂ ಕಂಪನಿಯ ಮರ್ಜಿಯಂತೆ. ಉಳಿದ 27,000ದಲ್ಲಿ ಬೇಸಿಕ್ 15,000 ಎಂದಿಟ್ಟುಕೊಳ್ಳಿ. ಕಂಪನಿಯ ಪಿಎಫ್ ಪಾಲು ಶೇ 12, ಅಂದರೆ 1,800. ಗ್ರಾಚ್ಯುಟಿಗೆಂದು ಬೇಸಿಕ್ಕಿನ ಶೇ 4.81, ಸುಮಾರು 722. ಆರೋಗ್ಯ ವಿಮೆಗೆ 500. ಇವು ಕಳೆದರೆ ಗ್ರಾಸ್ (ನಿಮ್ಮ ಪಾಲಿನ ಕಡಿತಕ್ಕೆ ಮೊದಲಿನ ಸಂಬಳ) 23,978. ಇದರಲ್ಲಿ ನಿಮ್ಮ ಪಾಲಿನ ಪಿಎಫ್ 1,800 ಹೋಗಿ ಖಾತೆಗೆ ಬೀಳುವುದು 22,178. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದರೆ ವೃತ್ತಿ ತೆರಿಗೆ 200 ಕೂಡ ಹಿಡಿಯುತ್ತಾರೆ, ಇಲ್ಲಿ ಅದು ಬರುವುದಿಲ್ಲ. ಪಿಜಿ ಬಾಡಿಗೆ, ಊಟ, ಮನೆಗೆ ಕಳುಹಿಸುವ ಹಣ ಎಲ್ಲವನ್ನೂ ಈ 22,000ದ ಮೇಲೆ ಲೆಕ್ಕ ಹಾಕಿ. ತರಬೇತಿಯ ತಿಂಗಳುಗಳಲ್ಲಿ ಬರೀ ಸ್ಟೈಪೆಂಡ್ ಎಂದಿದ್ದರೆ ಆ ಮೊತ್ತವೇ ಬೇರೆ.

ಕ್ಲೈಂಟ್ ಚೆನ್ನೈ, ಪುಣೆ ಎಲ್ಲಿ ಬೇಕಾದರೂ ಇರಬಹುದು, ಹಾಗಾಗಿ ತರಬೇತಿ ಮುಗಿಯುವವರೆಗೆ ದೊಡ್ಡ ಅಡ್ವಾನ್ಸ್ ಕೊಟ್ಟು ಮನೆ ಹಿಡಿಯಬೇಡಿ. ಯುವನಿಧಿ ಹಣ ಬರುತ್ತಿದ್ದರೆ ಕೆಲಸಕ್ಕೆ ಸೇರಿದ ತಿಂಗಳಿಂದಲೇ ‘ಕೆಲಸವಿಲ್ಲ’ ಎಂಬ ಸ್ವಯಂ ಘೋಷಣೆ ನಿಲ್ಲಿಸಿ. ನಿಮ್ಮ ಹೆಸರಿನಲ್ಲಿ ಪಿಎಫ್ ಶುರುವಾದದ್ದು ಸರ್ಕಾರದ ದಾಖಲೆಯಲ್ಲಿ ಇರುತ್ತದೆ.

ತರಬೇತಿಯ ತಿಂಗಳುಗಳು

ಇಲ್ಲಿ ಹಿಂದೆ ಬೀಳುವವರು ಬುದ್ಧಿಯಿಲ್ಲದವರಲ್ಲ, ನೋಡಿ ಕಲಿಯುವವರು. ತರಬೇತುದಾರರು ಪ್ರೊಜೆಕ್ಟರ್‌ನಲ್ಲಿ ಟೈಪ್ ಮಾಡಿದ್ದು ಅರ್ಥವಾದಂತೆ ಕಾಣುತ್ತದೆ. ಸಂಜೆ ಖಾಲಿ ಫೈಲ್ ತೆರೆದರೆ ಕೈ ಓಡುವುದಿಲ್ಲ. ದಿನಕ್ಕೆ ಎರಡು ಗಂಟೆ, ತರಗತಿಯ ಕೋಡನ್ನು ಮುಚ್ಚಿಟ್ಟು ಮೊದಲಿನಿಂದ ಬರೆಯಿರಿ. ಎಐ ಸಹಾಯಕವನ್ನು ಬರೆಸಿಕೊಳ್ಳಲು ಬಳಸಬೇಡಿ, ನೀವು ಬರೆದದ್ದರಲ್ಲಿ ತಪ್ಪು ಎಲ್ಲಿ ಎಂದು ಕೇಳಲು ಬಳಸಿ. ಕ್ಲೈಂಟ್ ಸಂದರ್ಶನದಲ್ಲಿ ಸ್ಕ್ರೀನ್ ಹಂಚಿಕೊಂಡು ಬರೆಯುವಾಗ ಅದು ಪಕ್ಕದಲ್ಲಿ ಇರುವುದಿಲ್ಲ.

ಮೊದಲ ವಾರದಲ್ಲೇ ಎರರ್ ಓದಲು ಕಲಿಯಿರಿ. ಜಾವಾ ಪ್ರೋಗ್ರಾಂ ಬಿದ್ದಾಗ ಪರದೆ ತುಂಬ ಕೆಂಪು ಸಾಲುಗಳು ಬರುತ್ತವೆ. ಮೇಲಿನಿಂದ ಓದುತ್ತ ಹೋಗಬೇಡಿ. ‘ಕಾಸ್ಡ್ ಬೈ’ ಎಂದು ಶುರುವಾಗುವ ಭಾಗಗಳಲ್ಲಿ ಕೊನೆಯದಕ್ಕೆ ಹೋಗಿ, ಅದರ ಕೆಳಗೆ ನಿಮ್ಮದೇ ಪ್ಯಾಕೇಜ್ ಹೆಸರಿರುವ ಮೊದಲ ಸಾಲು ಹುಡುಕಿ. ಫೈಲಿನ ಹೆಸರು, ಸಾಲಿನ ಸಂಖ್ಯೆ ಅಲ್ಲೇ ಇರುತ್ತದೆ. ಹೆಚ್ಚಿನ ತಪ್ಪು ಆ ಸಾಲಿನ ಆಚೆಈಚೆಯೇ ಸಿಗುತ್ತದೆ.

ಜಾವಾದಲ್ಲಿ ಹೊಸಬರನ್ನು ಬೀಳಿಸುವ ಒಂದು ಸಂಗತಿ: ಎರಡು ಇಂಟಿಜರ್ ಆಬ್ಜೆಕ್ಟ್‌ಗಳನ್ನು ಎರಡು ಈಕ್ವಲ್ ಚಿಹ್ನೆಯಿಂದ ಹೋಲಿಸಿದರೆ 100ಕ್ಕೆ ಸರಿ ಎನ್ನುತ್ತದೆ, 1000ಕ್ಕೆ ತಪ್ಪು ಎನ್ನುತ್ತದೆ. −128ರಿಂದ 127ರವರೆಗಿನ ಸಂಖ್ಯೆಗಳ ಆಬ್ಜೆಕ್ಟ್‌ಗಳನ್ನು ಜಾವಾ ಮೊದಲೇ ಮಾಡಿಟ್ಟು ಮತ್ತೆ ಮತ್ತೆ ಅವನ್ನೇ ಕೊಡುತ್ತದೆ, ಅದರಾಚೆ ಪ್ರತಿ ಸಲ ಹೊಸದು. ಹೋಲಿಕೆ ನಡೆಯುವುದು ಬೆಲೆಗಳ ನಡುವೆ ಅಲ್ಲ, ವಿಳಾಸಗಳ ನಡುವೆ. ಈಕ್ವಲ್ಸ್ ಮೆಥಡ್ ಬಳಸಬೇಕು. ಸ್ಟ್ರಿಂಗ್‌ಗೂ ಇದೇ ಮಾತು.

ಎಸ್‌ಕ್ಯೂಎಲ್‌ಗೆ, ಅಂದರೆ ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆಗೆ, ಹೆಚ್ಚು ಸಮಯ ಕೊಡಿ. ಫ್ರೇಮ್‌ವರ್ಕ್‌ಗಳು ಬದಲಾಗುತ್ತವೆ, ಯಾವ ಕ್ಲೈಂಟಿನಲ್ಲೂ ಡೇಟಾಬೇಸ್ ಇದ್ದೇ ಇರುತ್ತದೆ. ಗ್ರಾಹಕರ ಟೇಬಲ್‌ಗೆ ಆರ್ಡರ್ ಟೇಬಲನ್ನು ಲೆಫ್ಟ್ ಜಾಯಿನ್ ಮಾಡಿ (ಆರ್ಡರ್ ಇಲ್ಲದ ಗ್ರಾಹಕರನ್ನೂ ಉಳಿಸಿಕೊಂಡು ಜೋಡಿಸುವ ಬಗೆ ಇದು), ‘ಆರ್ಡರ್ ಸ್ಥಿತಿ ಬಾಕಿ’ ಎಂಬ ಷರತ್ತನ್ನು ವೇರ್ ಭಾಗದಲ್ಲಿ ಹಾಕಿದರೆ ಆರ್ಡರೇ ಇಲ್ಲದ ಗ್ರಾಹಕರು ಪಟ್ಟಿಯಿಂದ ಬಿದ್ದುಹೋಗುತ್ತಾರೆ. ಅವರ ಸಾಲಿನಲ್ಲಿ ಆರ್ಡರ್ ಸ್ಥಿತಿ ನಲ್ (ಬೆಲೆಯೇ ಇಲ್ಲದ್ದು) ಆಗಿರುತ್ತದೆ, ನಲ್ ಯಾವುದಕ್ಕೂ ಸಮವಲ್ಲ. ಎಲ್ಲ ಗ್ರಾಹಕರೂ ಬೇಕೆಂದರೆ ಷರತ್ತನ್ನು ಆನ್ ಭಾಗಕ್ಕೆ ಸರಿಸಿ. ಇದನ್ನು ಐದು ಸಾಲಿನ ಎರಡು ಟೇಬಲ್ ಮಾಡಿಕೊಂಡು ಕೈಯಾರೆ ಓಡಿಸಿ ನೋಡಿ. ಸಂದರ್ಶನದಲ್ಲೂ ಇದು ಬರುತ್ತದೆ, ಕೆಲಸದಲ್ಲಿ ವರದಿಯ ಲೆಕ್ಕ ತಪ್ಪುವುದೂ ಬಹಳ ಸಲ ಇದರಿಂದಲೇ.

ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ದಿನಕ್ಕೊಂದು ದೊಡ್ಡ ಕಮಿಟ್ (ದಾಖಲಿಸಿದ ಬದಲಾವಣೆ) ಬದಲು ಒಂದು ಬದಲಾವಣೆಗೆ ಒಂದು ಕಮಿಟ್ ರೂಢಿಸಿಕೊಳ್ಳಿ. ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲನ್ನು ಪುಶ್ ಮಾಡಿಬಿಟ್ಟರೆ ಆಮೇಲೆ ಫೈಲ್ ಅಳಿಸಿದರೆ ಸಾಲದು, ಹಳೆಯ ಕಮಿಟ್‌ಗಳಲ್ಲಿ ಅದು ಉಳಿದಿರುತ್ತದೆ. ಪಾಸ್‌ವರ್ಡನ್ನೇ ಬದಲಿಸಬೇಕು.

ಕ್ಲೈಂಟ್ ಸಂದರ್ಶನ

ತರಬೇತಿ ಮುಗಿಯುತ್ತಿದ್ದಂತೆ ಕಂಪನಿ ನಿಮ್ಮ ರೆಸ್ಯೂಮೆ ತಯಾರಿಸಿ ಕ್ಲೈಂಟಿಗೆ ಕಳುಹಿಸುತ್ತದೆ. ಕಳುಹಿಸುವ ಮೊದಲು ಪ್ರತಿ ಓದಲು ಕೇಳಿ. ತರಬೇತಿಯ ಅಭ್ಯಾಸ ಪ್ರಾಜೆಕ್ಟನ್ನು ‘ಎರಡು ವರ್ಷದ ಅನುಭವ’ ಎಂದು ಬರೆದಿದ್ದರೆ ಬೇಡವೆಂದು ಮೇಲ್‌ನಲ್ಲೇ ತಿಳಿಸಿ. ಸಿಕ್ಕಿಬಿದ್ದರೆ ಕಂಪನಿ ‘ಹುಡುಗ ಹೇಳಿದ್ದನ್ನು ಬರೆದೆವು’ ಎನ್ನುತ್ತದೆ. ಪಿಎಫ್‌ನ ಯುಎಎನ್ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ) ಸೇವಾ ಇತಿಹಾಸದಲ್ಲಿ ಎಂದು ಸೇರಿದಿರಿ ಎಂಬುದು ಕಾಣುತ್ತದೆ, ತೆರಿಗೆ ದಾಖಲೆಯಲ್ಲಿ ಯಾರು ಸಂಬಳ ಕೊಟ್ಟರು ಎಂಬುದು ಕಾಣುತ್ತದೆ. ಹಿನ್ನೆಲೆ ಪರಿಶೀಲನೆ ಮಾಡುವವರು ಮೊದಲು ತೆಗೆಯುವುದೇ ಇವೆರಡನ್ನು. ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಮೇಲೂ ಇದೇ ಕಾರಣಕ್ಕೆ ಮನೆಗೆ ಕಳುಹಿಸಬಹುದು. ನಿಮ್ಮ ಬದಲು ಬೇರೆಯವರು ಉತ್ತರಿಸುವ ಪ್ರಾಕ್ಸಿ ಸಂದರ್ಶನಕ್ಕಂತೂ ಒಪ್ಪಲೇಬೇಡಿ.

ತಯಾರಿಗೆ ಒಂದೇ ಪ್ರಾಜೆಕ್ಟ್ ಸಾಕು, ಆದರೆ ಅದರ ತಳ ಗೊತ್ತಿರಬೇಕು. ಬಟನ್ ಒತ್ತಿದಾಗಿನಿಂದ ಡೇಟಾಬೇಸಿನಲ್ಲಿ ಸಾಲು ಬೀಳುವವರೆಗೆ ಯಾವ ಫೈಲು, ಯಾವ ಮೆಥಡ್, ಯಾವ ಕ್ವೆರಿ ಎಂದು ಕಾಗದದ ಮೇಲೆ ಬಿಡಿಸಿ ವಿವರಿಸುವಷ್ಟು. ‘ಇದನ್ನೇ ಯಾಕೆ ಬಳಸಿದಿರಿ, ಇದು ಬಿದ್ದರೆ ಏನಾಗುತ್ತದೆ’ ಎಂಬ ಎರಡು ಪ್ರಶ್ನೆಗಳು ಖಂಡಿತ ಬರುತ್ತವೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದು ಹೇಳಿ, ಗೊತ್ತಿರುವಲ್ಲಿಂದ ಯೋಚಿಸಿ ತೋರಿಸಿ. ಫ್ರೆಶರ್‌ನಿಂದ ಅವರು ನಿರೀಕ್ಷಿಸುವುದು ಅದನ್ನೇ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಅಳುಕು ಇರುತ್ತದೆ. ಅದಕ್ಕೆ ಮದ್ದು ವ್ಯಾಕರಣ ಪುಸ್ತಕವಲ್ಲ. ಪರಿಚಯ ಒಂದೂವರೆ ನಿಮಿಷ, ಪ್ರಾಜೆಕ್ಟ್ ವಿವರಣೆ ಮೂರು ನಿಮಿಷ. ಈ ಎರಡನ್ನು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿ, ಮತ್ತೆ ಮಾಡಿ. ಬಾಯಿಪಾಠ ಬೇಡ. ನಡುವೆ ಪ್ರಶ್ನೆ ಬಂದರೆ ಬಾಯಿಪಾಠ ಮಾಡಿದವರೇ ತಡವರಿಸುವುದು. ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಹೇಳಿ ಎಂದು ಕೇಳಿ, ಊಹಿಸಿ ಉತ್ತರಿಸಬೇಡಿ.

ಬೆಂಚ್

ಪ್ರಾಜೆಕ್ಟ್ ಸಿಗದೆ ಕಾಯುವ ಕಾಲ ಇದು. ಪೂರ್ತಿ ಸಂಬಳವೇ, ಅರ್ಧವೇ, ಎಷ್ಟು ದಿನ ಎಂಬುದು ಒಪ್ಪಂದದಲ್ಲಿ ಇರಬೇಕು. ಪ್ರತಿ ಸಂದರ್ಶನದ ದಿನಾಂಕ, ಕೇಳಿದ ಪ್ರಶ್ನೆ, ಫಲಿತಾಂಶ ಬರೆದಿಡಿ. ಹದಿನೈದು ದಿನಕ್ಕೊಮ್ಮೆ ನಿಯೋಜನೆ ನೋಡಿಕೊಳ್ಳುವವರಿಗೆ ‘ಲಭ್ಯನಿದ್ದೇನೆ, ಈ ದಿನಗಳಲ್ಲಿ ಇದನ್ನು ಕಲಿತೆ’ ಎಂದು ಮೇಲ್ ಹಾಕಿ. ಮುಂದೆ ‘ಇವರು ಕೆಲಸಕ್ಕೆ ಒಪ್ಪಲಿಲ್ಲ’ ಎಂಬ ಮಾತು ಬಂದರೆ ಈ ಮೇಲ್‌ಗಳೇ ಉತ್ತರ. ಸಂಬಳ ನಿಲ್ಲಿಸಿ ‘ರಾಜೀನಾಮೆ ಕೊಡಿ’ ಎಂದು ಒತ್ತಾಯಿಸಿದರೆ ಅವಸರದಲ್ಲಿ ಕೊಡಬೇಡಿ, ರಾಜೀನಾಮೆ ಎಂದಾದರೆ ಬಾಂಡ್ ಮೊತ್ತ ಕೇಳಲು ದಾರಿಯಾಗುತ್ತದೆ. ಕಾರಣವನ್ನು ಬರಹದಲ್ಲಿ ಕೇಳಿ, ಬಾಕಿ ಸಂಬಳಕ್ಕೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.

ಕ್ಲೈಂಟ್ ಕಡೆಯ ಮೊದಲ ವಾರಗಳು

ಮೊದಲ ವಾರ ಲಾಗಿನ್, ವಿಪಿಎನ್, ರೆಪೊಸಿಟರಿ (ಕೋಡ್ ಇಡುವ ಜಾಗ) ಅನುಮತಿಗಳಿಗೇ ಹೋಗುತ್ತದೆ. ಪ್ರತಿಯೊಂದಕ್ಕೂ ಟಿಕೆಟ್ ನಂಬರ್ ಇಟ್ಟುಕೊಂಡು ದಿನವೂ ವಿಚಾರಿಸಿ. ಪ್ರೋಗ್ರಾಂ ನಿಮ್ಮ ಯಂತ್ರದಲ್ಲಿ ಓಡಿಸಲು ಮಾಡಿದ ಪ್ರತಿ ಹೆಜ್ಜೆಯನ್ನೂ ಬರೆದು ತಂಡದ ದಾಖಲೆಗೆ ಸೇರಿಸಿ. ಹೊಸಬರು ತಂಡಕ್ಕೆ ಮಾಡಬಹುದಾದ ಮೊದಲ ಉಪಕಾರ ಅದು.

ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಒಂದು ಗಂಟೆ ನೀವೇ ಒದ್ದಾಡಿ, ಆಮೇಲೆ ಕೇಳಿ. ಕೇಳುವಾಗ ಏನು ಮಾಡಲು ಹೊರಟಿದ್ದೀರಿ, ಏನು ಬಂತು, ಯಾವುದನ್ನೆಲ್ಲ ಪ್ರಯತ್ನಿಸಿದಿರಿ ಮೂರನ್ನೂ ಬರೆದು ಕೇಳಿ. ‘ಸರ್, ವರ್ಕ್ ಆಗ್ತಿಲ್ಲ’ ಎಂಬ ಮೆಸೇಜಿಗೆ ಯಾರೂ ಉತ್ತರಿಸಲಾರರು. ಎರಡು ದಿನ ಸುಮ್ಮನಿದ್ದು ತಂಡದ ದಿನದ ಚಿಕ್ಕ ಸಭೆಯಾದ ಸ್ಟ್ಯಾಂಡಪ್‌ನಲ್ಲಿ ‘ನಡೀತಿದೆ’ ಎನ್ನುವುದು ಹೊಸಬರ ದೊಡ್ಡ ಕಾಯಿಲೆ.

ಕ್ಲೈಂಟ್ ಕೋಡನ್ನು, ಲಾಗ್‌ಗಳನ್ನು ಸ್ವಂತ ಗಿಟ್‌ಹಬ್‌ಗೆ, ಸ್ವಂತ ಮೇಲ್‌ಗೆ, ಅನುಮತಿಯಿಲ್ಲದ ಎಐ ಚಾಟ್‌ಗೆ ಹಾಕಬೇಡಿ. ಕೆಲಸವೂ ಹೋಗಬಹುದು, ಕಾನೂನು ಕ್ರಮವೂ ಬರಬಹುದು. ಟೈಮ್‌ಶೀಟನ್ನು ವಾರದ ಕೊನೆಯ ದಿನವೇ ತುಂಬಿ, ಕ್ಲೈಂಟ್ ಮ್ಯಾನೇಜರ್ ಒಪ್ಪಿಗೆ ಕೊಟ್ಟದ್ದು ನೋಡಿಕೊಳ್ಳಿ. ಬಿಲ್ ಹೊರಡುವುದು ಅದರ ಮೇಲೆ. ಇಬ್ಬರು ಮ್ಯಾನೇಜರ್‌ಗಳಿರುವುದರಿಂದ ರಜೆಯನ್ನೂ ಎರಡೂ ಕಡೆ ಕೇಳಬೇಕು. ಒಂದೇ ಕಡೆ ಹೇಳಿ ಊರಿಗೆ ಹೋದರೆ ಇನ್ನೊಂದು ಕಡೆ ಸಂಬಳವಿಲ್ಲದ ರಜೆಯಾಗುತ್ತದೆ.

ಬಿಡುವಾಗ

ಹೊಸ ಆಫರ್ ಬರಹದಲ್ಲಿ ಬಂದ ಮೇಲಷ್ಟೇ ರಾಜೀನಾಮೆ. ಮೇಲ್‌ನಲ್ಲಿ ಕಳುಹಿಸಿ, ಕೊನೆಯ ಕೆಲಸದ ದಿನ ಬರೆಯಿರಿ, ಸ್ವೀಕೃತಿ ಕೇಳಿ. ಹೇಳದೆ ಕೇಳದೆ ಹೋಗುವುದರಿಂದ ಬಾಂಡ್ ತಪ್ಪುವುದಿಲ್ಲ, ರಿಲೀವಿಂಗ್ ಲೆಟರ್ ಮಾತ್ರ ತಪ್ಪುತ್ತದೆ. ಬಾಂಡ್ ಬಾಕಿ ಇದ್ದರೆ ಉಳಿದ ತಿಂಗಳ ಲೆಕ್ಕವನ್ನು ನೀವೇ ಹಾಕಿ ಮುಂದಿಡಿ, ಕಂತಿನಲ್ಲಿ ಕಟ್ಟಲು ಕೇಳಿ. ಹೊಸ ಕಂಪನಿಯೇ ಭರಿಸುವುದೂ ಉಂಟು, ಸಂಬಳದ ಮಾತುಕತೆಯಲ್ಲೇ ಕೇಳಬೇಕು. ಕಟ್ಟಿದರೆ ‘ಇನ್ನು ಯಾವ ಬಾಕಿಯೂ ಇಲ್ಲ’ ಎಂಬ ಪತ್ರ ಪಡೆದು, ಕೊಟ್ಟಿದ್ದ ಚೆಕ್ ವಾಪಸ್ ತೆಗೆದುಕೊಳ್ಳಿ.

2019ರ ವೇತನ ಸಂಹಿತೆಯ ಪ್ರಕಾರ ರಾಜೀನಾಮೆಯಾಗಲಿ ವಜಾ ಆಗಲಿ, ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಸಿಗಬೇಕು. ಇದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. 45 ದಿನ, 60 ದಿನ ಎಂದರೆ ಈ ನಿಯಮ ನೆನಪಿಸಿ ಮೇಲ್ ಬರೆಯಿರಿ.

ಪಿಎಫ್ ಹಣವನ್ನು ತೆಗೆಯಬೇಡಿ, ಅದೇ ಯುಎಎನ್ ಹೊಸ ಕಂಪನಿಗೆ ಕೊಟ್ಟು ವರ್ಗಾಯಿಸಿ. ಐದು ವರ್ಷದೊಳಗೆ 50,000 ಅಥವಾ ಹೆಚ್ಚು ತೆಗೆದರೆ ತೆರಿಗೆ ಹಿಡಿಯುತ್ತಾರೆ, ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆಯ ಎಣಿಕೆಯೂ ತುಂಡಾಗಬಹುದು. ಹಳೆಯ ಕಂಪನಿ ಪೋರ್ಟಲ್‌ನಲ್ಲಿ ನಿಮ್ಮ ನಿರ್ಗಮನದ ದಿನ ತುಂಬಿದೆಯೇ ನೋಡಿ. ತುಂಬದಿದ್ದರೆ ವರ್ಗಾವಣೆ ಅಲ್ಲೇ ನಿಲ್ಲುತ್ತದೆ. ಕೊನೆಯ ಪಿಎಫ್ ಕಂತಿನ ತಿಂಗಳಿಂದ ಎರಡು ತಿಂಗಳು ಕಳೆದ ಮೇಲೆ ಆ ದಿನಾಂಕವನ್ನು ನೀವೇ ಆಧಾರ್ ಓಟಿಪಿ ಮೂಲಕ ನಮೂದಿಸಬಹುದು. ರಿಲೀವಿಂಗ್ ಲೆಟರ್‌ನಲ್ಲಿರುವ ದಿನವನ್ನೇ ಹಾಕಿ. ಒಮ್ಮೆ ಹಾಕಿದರೆ ತಿದ್ದಿಸುವುದು ಕಷ್ಟ, ಎರಡು ಕಂಪನಿಗಳ ದಿನಾಂಕ ಒಂದರ ಮೇಲೊಂದು ಬಿದ್ದರೆ ಮುಂದಿನ ಪರಿಶೀಲನೆಯಲ್ಲಿ ಎರಡು ಕಡೆ ಒಟ್ಟಿಗೆ ಕೆಲಸ ಮಾಡಿದ್ದೀರಿ ಎಂಬ ಪ್ರಶ್ನೆ ಬರುತ್ತದೆ.